ಅಚ್ಚಾಗದ ಬೋರ್ಡು

ಹನ್ನೆರಡನೇ ಇಸವಿ. ಮಾಗಿ ಕಳೆದು ಗೇರು ಹೂಬಿಟ್ಟ ಸಮಯ.
ನಾನಾಗ ಬಲ್ಮಠದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವ.
ಶಿಕಾಗೋದ ಪತ್ರಿಕೆಯವನೆಂದು ರೈಲಿಳಿದು ಬಂದ
ಥಡಿಯಸ್ ವಿಂಟನ್. ನನ್ನಜ್ಜನಷ್ಟೇ ಕಪ್ಪು;
ಕಾಲರು ಮಾತ್ರ ಪಾದ್ರಿದೊರೆಯದಕ್ಕಿಂತ ಬಿಳಿ.

ಅವನನ್ನು ಎಲ್ಲಿಡುವುದೆಂದೇ ಊರಿಗೆ ಗೊತ್ತಾಗಲಿಲ್ಲ.
ಬಂದರಿನವರು ಹಬಶಿ ಖಲಾಸಿ ಎಂದರು.
ಕ್ಲಬ್ಬಿನ ಜವಾನ ಹ್ಯಾಟಿಗೆ ಸಲಾಮು ಹೊಡೆದು,
ಮುಖ ನೋಡಿ, ಹೊಡೆದ ಕೈಯನ್ನು ಮೆಲ್ಲಗೆ ಇಳಿಸಿದ.
ಹಂಪನಕಟ್ಟೆಯ ಕಾಫಿ ಭಟ್ಟರು, ಪಾಪ,
ಕುರ್ಚಿ ಕೊಟ್ಟರು, ಅಂಗಳದಲ್ಲಿ.
ಲೋಟವೋ ಗೆರಟೆಯೋ ಎಂದು ಒಳಗೆ ಚರ್ಚೆ ನಡೆದು
ಕೊನೆಗೆ ಪಿಂಗಾಣಿ ಬಟ್ಟಲು ಬಂತು.
ಅವನು ಎದ್ದಮೇಲೆ ಅದನ್ನು ಒಡೆದರಂತೆ.

"ನಮ್ಮಲ್ಲಿ ಬೋರ್ಡು ಇರುತ್ತದೆ," ಅಂದ,
"ನಲ್ಲಿಯ ಮೇಲೆ, ರೈಲುಗಾಡಿಯ ಮೇಲೆ:
ಬಿಳಿಯರಿಗೆ, ಕರಿಯರಿಗೆ. ದಪ್ಪ ಅಕ್ಷರ.
ಇಲ್ಲಿ ಹುಡುಕಿದೆ. ಒಂದೂ ಇಲ್ಲ."
ನನಗೆ ಹೆಮ್ಮೆಯಾಯಿತು. ಅಂಥದ್ದು ನಮ್ಮಲ್ಲಿಲ್ಲ, ಅಂದೆ.
"ಇಲ್ಲ," ಅಂದ. "ಆದರೂ
ಅಕ್ಷರ ಬಾರದವನೂ ಓದುತ್ತಾನಲ್ಲ?"

ಮೂರು ತಲೆಮಾರಿನ ಕಿರಿಸ್ತಾನ ನಾನು, ದಾನಿಯೇಲ ಕರ್ಕಡ.
ಅಜ್ಜ ಮೊದಲು ಯಾವ ಜಾತಿಯೆಂದು ಕೇಳಿದರೆ
ಅಪ್ಪ ಬೈಬಲ್ಲು ತೆರೆದು
ಆದಾಮನಿಂದ ಶುರುಮಾಡುತ್ತಿದ್ದ.

ಬುಟ್ಟಿ ಹೆಣೆಯುವ ಕೊರಗರ ಅಂಗರನ ಕೊಪ್ಪಕ್ಕೆ ಕರಕೊಂಡು ಹೋದೆ,
ಗುಡ್ಡೆಯಾಚೆ. ದಾರಿ ನನಗೇ ಸರಿಯಾಗಿ ಗೊತ್ತಿರಲಿಲ್ಲ.
ವಿಂಟನ್ ಇಂಗ್ಲಿಷಿನಲ್ಲಿ ಕೇಳಿದ, ನಾನು ತುಳುವಿನಲ್ಲಿ ಕೂಗಿದೆ.
ಅಂಗರ ತುಳುವಿನಲ್ಲಿ ಕೂಗಿದ, ನಾನು ಇಂಗ್ಲಿಷಿನಲ್ಲಿ ಕೂಗಿದೆ.
ಗಾಳಿ ಜೋರುಂಟು ಅಂದುಕೊಂಡಿದ್ದೆ.
ಬೂಟು ಬಿಚ್ಚಿ ಅವನ ಪಕ್ಕ ಮಣ್ಣಲ್ಲಿ ಕೂತ ವಿಂಟನ್,
ಬಳ್ಳಿ ಎಳೆದ, ಬೆರಳು ಕೊಯ್ದುಕೊಂಡ.
ಸೊಪ್ಪು ಜಜ್ಜಿ ಹಚ್ಚಲು ಹೋದ ಅಂಗರ
ನನ್ನ ಮುಖ ನೋಡಿ ನಿಲ್ಲಿಸಿದ.
ವಿಂಟನ್ ಬೆರಳನ್ನು ಚಾಚಿಯೇ ಇಟ್ಟ.
ಆ ಹೊತ್ತು ಯಾರೂ ಕೂಗಲಿಲ್ಲ.
ಆಮೇಲೆ ಹಚ್ಚಿದ.

"ಇವರನ್ನು ಇವರ ಊರಲ್ಲಿ ಎಷ್ಟು ದೂರ ನಿಲ್ಲಿಸುತ್ತಾರೆ?"
ಅಂಗರನ ಪ್ರಶ್ನೆ ಅದೊಂದೇ.
"ಅಡುಗೆ ಮಾಡಿಸುತ್ತಾರೆ. ಮಗುವಿಗೆ ಹಾಲೂಡಿಸುತ್ತಾರೆ.
ಮೇಜಿಗೆ ಮಾತ್ರ ಕರೆಯುವುದಿಲ್ಲ."
ಮತ್ತೆ ಮರದ ಬಗ್ಗೆ, ಹಗ್ಗದ ಬಗ್ಗೆ ಏನೋ ಹೇಳಿದ.
ಅದಕ್ಕೆ ತುಳು ಸಿಗಲಿಲ್ಲ ನನಗೆ. ಬಿಟ್ಟೆ.
ಅವನ ಕೈ ಕುತ್ತಿಗೆಗೆ ಹೋದದ್ದನ್ನು
ಅಂಗರ ಕಂಡಿದ್ದ.

ಎಂಟು ತಿಂಗಳಿಗೆ ಹಡಗಿನ ಟಪಾಲಲ್ಲಿ ಪತ್ರಿಕೆ ಬಂತು.
ಮಂಗಳೂರಿಗೆ ಎರಡು ಕಾಲಂ. ಹೆಂಚಿನ ಚಿಮಣಿ, ಜವಾನನ ಕೈ, ಬಟ್ಟಲು.
ಕೊನೆಗೆ: "ನನ್ನ ದುಭಾಷಿ ಒಳ್ಳೆಯವನು, ದೇವಭಕ್ತ.
ಎರಡು ಗಂಟೆ ಹದಿನೆಂಟು ಹೆಜ್ಜೆ ಆಚೆ ನಿಂತಿದ್ದ.
ನಿಂತದ್ದು ಅವನಿಗೇ ತಿಳಿದಿರಲಿಲ್ಲ."

ನಮ್ಮ ಮಾಸಪತ್ರಿಕೆಗೆ ಕನ್ನಡಕ್ಕಿಳಿಸಿದೆ,
ಮೊಳೆಯನ್ನೂ ನಾನೇ ಜೋಡಿಸಿದೆ.
ಭಟ್ಟರ ಬಟ್ಟಲಿಗೆ ದಪ್ಪ ಅಕ್ಷರ ಹಾಕಿದೆ.
ಆ ಮೂರು ಸಾಲಿಗೆ ಜಾಗ ಸಾಲದೆಂದುಕೊಂಡೆ.
ಜಾಗ ಉಂಟಿತ್ತು.
ಖಾಲಿ ಸೀಸದ ತುಂಡು ತುಂಬಿಸಿ ಚೌಕಟ್ಟು ಬಿಗಿದೆ.
ಪ್ರೂಫು ನೋಡಿದ ಉಪದೇಶಿಗಳು ಕೇಳಿದರು:
ಕೆಳಗೆ ಇದೇನು ಬಿಳಿ?
ಚಿತ್ರ ಬರಬೇಕಿತ್ತು, ಅಂದೆ.

ಎರಡು ಬುಟ್ಟಿ ಕೊಂಡಿದ್ದ, ಒಂದನ್ನು ನನಗೆ ಬಿಟ್ಟುಹೋಗಿದ್ದ.
ಸವೆದ ಮೊಳೆ ಕರಗಿಸಲೆಂದು ಅದರಲ್ಲೇ ಹಾಕುತ್ತಿದ್ದೆ,
ಇಪ್ಪತ್ತಾರು ವರ್ಷ. ಅಷ್ಟು ಸೀಸಕ್ಕೂ ಬಳ್ಳಿ ಸಡಿಲಲಿಲ್ಲ.
ಅಂಗರ ಯಾವಾಗ ತೀರಿಕೊಂಡನೋ, ಕೇಳಲು ಹೋಗಲಿಲ್ಲ.

ಮೊನ್ನೆ ಮೊಮ್ಮಗಳ ಕೈ ಹಿಡಿದು ಆ ಗುಡ್ಡೆ ಹತ್ತಿದೆ.
ಕೊಪ್ಪ ಇಲ್ಲ, ಒಲೆಯ ಮೂರು ಕಲ್ಲು ಉಂಟು.
ನಾನು ನಿಂತಿದ್ದ ಪಾದೆಯಿಂದ ಎಣಿಸುತ್ತ ಹೋದೆ.
ಹದಿನೆಂಟಲ್ಲ, ಇಪ್ಪತ್ತೆರಡು.
ಅವನ ಕಾಲು ಉದ್ದವಿದ್ದಿರಬೇಕು.
ಇಲ್ಲವೇ, ಬರೆಯುವಾಗ ನನ್ನ ಮುಖ ನೆನಪಾಗಿ
ನಾಲ್ಕು ಹೆಜ್ಜೆ ಕಡಿಮೆ ಮಾಡಿದ್ದ.